ಅರಗಿನ ತಟ್ಟೆಯಲ್ಲಿ ಉಳಿದ ಸಂಗೀತ: ಸ್ವಿಂಗ್ ಯುಗದ ಮರೆತ ಮುದ್ರಿಕೆಗಳೂ ಕೊಡಗಿನ ಹಳೆಯ ಸಂಗ್ರಹಗಳೂ

೧

ಕೊಡಗಿನ ಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಆಕರಗಳ ಕೊರತೆಯಿದೆಯೆಂದು ಹೇಳುವಂತಿಲ್ಲ. ದೊಡ್ಡ ವೀರರಾಜೇಂದ್ರನ ಆಜ್ಞೆಯಂತೆ ರಚಿತವಾದ ‘ರಾಜೇಂದ್ರನಾಮೆ’ ಉಂಟು; ರಿಕ್ಟರ್ ಪಾದ್ರಿಯವರು ೧೮೭೦ರಲ್ಲಿ ಬರೆದ ಕೈಪಿಡಿ ಉಂಟು; ಲೂಯಿ ರೈಸ್ ಅವರು ೧೮೮೬ರಲ್ಲಿ ಹೊರತಂದ ಶಾಸನಸಂಪುಟ ಉಂಟು; ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಹಾಡುಗಳನ್ನು ಕೂಡಿಹಾಕಿ ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಉಂಟು. ಇವೆಲ್ಲವೂ ಒಂದೋ ಬರಹ, ಇಲ್ಲವೆ ಬರಹಕ್ಕೆ ಇಳಿದ ಬಾಯಿಮಾತು. ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಮತ್ತೊಂದು ಬಗೆಯ ಆಕರವು ನಮ್ಮೆದುರಿಗೆ ನಿಲ್ಲುತ್ತದೆ. ಅದು ಧ್ವನಿಯನ್ನೇ ಹಿಡಿದಿಟ್ಟುಕೊಂಡ ಗ್ರಾಮಾಫೋನ್ ತಟ್ಟೆ. ಜನರ ಬಾಯಲ್ಲಿ ‘ಪ್ಲೇಟು’. ಚರಿತ್ರಕಾರರು ಇದನ್ನು ಆಕರವೆಂದು ಎಣಿಸಿದ್ದು ತೀರ ಕಡಮೆ. ಮನೆಯ ಅಟ್ಟದಲ್ಲಿ ಧೂಳು ಹಿಡಿದು ಕುಳಿತ ವಿನೋದವಸ್ತುವೆಂದೇ ಅದನ್ನು ಕಂಡಿದ್ದೇವೆ.

ಪ್ರಕೃತ ಲೇಖನದಲ್ಲಿ ನಾವು ಇಂಥ ತಟ್ಟೆಗಳಲ್ಲಿ ಒಂದು ವರ್ಗವನ್ನು ಮಾತ್ರ ವಿಚಾರಕ್ಕೆ ತೆಗೆದುಕೊಳ್ಳುತ್ತೇವೆ. ಸುಮಾರು ೧೯೩೫ರಿಂದ ೧೯೪೫ರವರೆಗೆ ಅಮೆರಿಕದಲ್ಲಿ ಪ್ರಬಲವಾಗಿದ್ದ ‘ಸ್ವಿಂಗ್’ ಎಂಬ ಜಾಝ್ ಸಂಗೀತದ ಒಂದು ಶಾಖೆ ಭಾರತದಲ್ಲಿಯೇ ನುಡಿಸಲ್ಪಟ್ಟು ಭಾರತದಲ್ಲಿಯೇ ಮುದ್ರಿತವಾಯಿತು. ಜಾಝ್ ಚರಿತ್ರೆಯ ಗ್ರಂಥಗಳು ಅದನ್ನು ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮ ದೇಶದ ಚರಿತ್ರಕಾರರೂ ಹಿಡಿಯಲಿಲ್ಲ. ಅದನ್ನು ಮರಳಿ ಪಡೆಯುವ ಮುಖ್ಯವಾದ ದಾರಿ ಹಳೆಯ ತಟ್ಟೆಗಳೇ. ಅಂಥ ತಟ್ಟೆಗಳು ಇರಬಹುದಾದ ಸ್ಥಳಗಳಲ್ಲಿ ಕೊಡಗಿನ ತೋಟದ ಬಂಗಲೆಗಳೂ ಸೇನಾಧಿಕಾರಿಗಳ ಮನೆಗಳೂ ಸೇರುತ್ತವೆ. ಆದ್ದರಿಂದ ತಟ್ಟೆಯನ್ನು ಓದುವ ಕ್ರಮವನ್ನು ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಅರಿತಿರುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

೨

ಮೊದಲು ಸ್ವಿಂಗ್ ಎಂದರೇನೆಂಬುದನ್ನು ಸ್ಥೂಲವಾಗಿ ತಿಳಿಯಬೇಕು. ಅಮೆರಿಕದ ಕರಿಯ ಜನರಲ್ಲಿ ಹುಟ್ಟಿದ ಜಾಝ್ ಸಂಗೀತವನ್ನು ಮೊದಲಿಗೆ ಐದಾರು ಮಂದಿಯ ಸಣ್ಣ ಮೇಳಗಳು ನುಡಿಸುತ್ತಿದ್ದುವು. ೧೯೨೦ರ ದಶಕದಲ್ಲಿ ಫ್ಲೆಚರ್ ಹೆಂಡರ್ಸನ್, ಡ್ಯೂಕ್ ಎಲಿಂಗ್ಟನ್ ಮೊದಲಾದವರ ಕೈಯಲ್ಲಿ ಮೇಳ ದೊಡ್ಡದಾಯಿತು. ಟ್ರಂಪೆಟ್ಟುಗಳದೊಂದು ಪಂಗಡ, ಟ್ರೊಂಬೋನುಗಳದೊಂದು, ಸ್ಯಾಕ್ಸೊಫೋನುಗಳದೊಂದು. ಇವುಗಳ ಬೆನ್ನಿಗೆ ಪಿಯಾನೊ, ಗಿಟಾರ್, ದೊಡ್ಡ ತಂತಿವಾದ್ಯವಾದ ಬಾಸ್ ಮತ್ತು ಡ್ರಮ್ಮುಗಳಿಂದ ಕೂಡಿದ ತಾಳದ ಪಂಗಡ. ಒಂದು ಪಂಗಡ ಪ್ರಶ್ನೆ ಕೇಳಿದಂತೆ ಒಂದು ಸಣ್ಣ ಸ್ವರಗುಚ್ಛವನ್ನು ಎಸೆದರೆ ಇನ್ನೊಂದು ಅದಕ್ಕೆ ಉತ್ತರ ಕೊಡುತ್ತದೆ. ನಡುನಡುವೆ ಒಬ್ಬ ವಾದಕ ಎದ್ದು ನಿಂತು, ಬರೆದಿಟ್ಟ ಸ್ವರಗಳನ್ನು ಬಿಟ್ಟು, ತನ್ನ ಮನೋಧರ್ಮದಿಂದ ನುಡಿಸುತ್ತಾನೆ. ತಾಳದ ಪೆಟ್ಟು ಗಡಿಯಾರದಂತೆ ಸಮನಾಗಿ ನಡೆಯುತ್ತಿದ್ದರೂ ಸ್ವರಗಳು ಆ ಪೆಟ್ಟಿಗೆ ಅಂಟಿಕೊಳ್ಳದೆ ಅದರ ಆಚೆ ಈಚೆ ತೂಗುತ್ತವೆ. ಈ ತೂಗಾಟಕ್ಕೇ ‘ಸ್ವಿಂಗ್’ ಎಂದು ಹೆಸರು.

ಇದು ಕುಣಿತದ ಸಂಗೀತವೆಂಬುದನ್ನು ಮರೆಯಲಾಗದು. ಕೊಡಗಿನ ಮದುವೆಗಳಲ್ಲಿ ವಾಲಗದವರು ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸುತ್ತ ಹೋದಂತೆ ನೆರೆದವರ ಕಾಲುಗಳು ತಾವಾಗಿಯೇ ಏಳುವುದನ್ನು ಕಂಡವರಿಗೆ, ಪುನರುಕ್ತಿಯೇ ಉತ್ಸಾಹವನ್ನು ಹೇಗೆ ಏರಿಸುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಎರಡು ಸಂಗೀತಗಳಿಗೂ ಯಾವ ಸಂಬಂಧವೂ ಇಲ್ಲ. ಆದರೆ ಕುಣಿತಕ್ಕಾಗಿ ನುಡಿಸುವವರ ಸ್ಥಿತಿ ಎರಡು ಕಡೆಯೂ ಒಂದೇ ಬಗೆಯದು. ಕುಣಿದವರ ಮನೆತನದ ಹೆಸರು ಉಳಿಯುತ್ತದೆ. ನುಡಿಸಿದವನ ಹೆಸರು ಉಳಿಯುವುದಿಲ್ಲ.

೧೯೩೫ರ ಆಗಸ್ಟಿನಲ್ಲಿ ಬೆನ್ನಿ ಗುಡ್‌ಮನ್ ಅವರ ಮೇಳವು ಲಾಸ್ ಏಂಜಲೀಸಿನ ಪಾಲೊಮಾರ್ ನೃತ್ಯಶಾಲೆಯಲ್ಲಿ ಪಡೆದ ಯಶಸ್ಸನ್ನು ಸ್ವಿಂಗ್ ಯುಗದ ಆರಂಭವೆಂದು ಹೇಳುವುದು ವಾಡಿಕೆ. ಅಂದು ಆ ಮೇಳ ನುಡಿಸಿದ ಕೃತಿಗಳಲ್ಲಿ ಹಲವಕ್ಕೆ ವಾದ್ಯಯೋಜನೆ ಮಾಡಿಕೊಟ್ಟವರು ಕರಿಯ ಸಂಗೀತಗಾರರಾದ ಹೆಂಡರ್ಸನ್. ಕೀರ್ತಿಯ ಬಹುಭಾಗ ದೊರೆತದ್ದು ಬಿಳಿಯನಾದ ಗುಡ್‌ಮನ್ನರಿಗೆ. ಒಬ್ಬರು ಕಟ್ಟಿದ್ದಕ್ಕೆ ಮತ್ತೊಬ್ಬರ ಹೆಸರು ನಿಲ್ಲುವ ಈ ಪ್ರವೃತ್ತಿಯನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ವಿಚಾರ ಸುಲಭವಾಗುತ್ತದೆ.

೩

ಈ ಸಂಗೀತವನ್ನು ಹೊತ್ತು ತಂದ ವಸ್ತು ಯಾವುದು? ನಿಮಿಷಕ್ಕೆ ಸುಮಾರು ೭೮ ಸುತ್ತು ತಿರುಗುವ, ಹತ್ತಂಗುಲ ಅಡ್ಡಳತೆಯ, ಪಕ್ಕವೊಂದಕ್ಕೆ ಸುಮಾರು ಮೂರು ನಿಮಿಷದ ಸಂಗೀತವನ್ನು ಹಿಡಿಯುವ ತಟ್ಟೆ. ಅದರ ಮುಖ್ಯ ದ್ರವ್ಯ ಅರಗು. ಮಹಾಭಾರತದ ಅರಗಿನ ಮನೆಯಿಂದ ನಮಗೆ ಪರಿಚಿತವಾದ ಈ ಪದಾರ್ಥವನ್ನು ಮರದ ಕೊಂಬೆಗಳ ಮೇಲೆ ಒಂದು ಬಗೆಯ ಕೀಟ ಸ್ರವಿಸುತ್ತದೆ. ಜಗತ್ತಿಗೆ ಬೇಕಾದ ಅರಗಿನ ಬಹುಭಾಗ ಆಗ ಭಾರತದಿಂದಲೇ, ವಿಶೇಷವಾಗಿ ಛೋಟಾನಾಗಪುರದ ಕಾಡುಗಳಿಂದ, ಹೋಗುತ್ತಿತ್ತು. ಅರಗಿಗೆ ಕಲ್ಲಿನ ಹುಡಿಯನ್ನೂ ಕಾಡಿಗೆಯನ್ನೂ ಬೆರೆಸಿ ಕಾಯಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧವಾಗುತ್ತಿತ್ತು. ಗ್ರಾಮಾಫೋನ್ ಕಂಪನಿಯು ೧೯೦೮ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೂ ೧೯೨೮ರಲ್ಲಿ ಡಂಡಂನಲ್ಲಿಯೂ ಕಾರ್ಖಾನೆಗಳನ್ನು ತೆರೆಯಿತು. ೧೯೩೧ರಲ್ಲಿ ಈ ಕಂಪನಿಯೂ ಕೊಲಂಬಿಯಾ ಕಂಪನಿಯೂ ಒಂದಾದುವು. ಹೀಗೆ ಅಮೆರಿಕದ ವಿಕ್ಟರ್ ಕಂಪನಿಯ ಮುದ್ರಿಕೆಗಳು ‘ಹಿಸ್ ಮಾಸ್ಟರ್ಸ್ ವಾಯ್ಸ್’ ಎಂಬ ನಾಯಿಯ ಚಿತ್ರದ ಹೆಸರಿನಲ್ಲಿಯೂ, ಓಕೆ ಮೊದಲಾದ ಕಂಪನಿಗಳ ಮುದ್ರಿಕೆಗಳು ಪಾರ್ಲೊಫೋನ್ ಹೆಸರಿನಲ್ಲಿಯೂ ಭಾರತವನ್ನು ಮುಟ್ಟಿದುವು.

ಎರಡನೆಯ ಮಹಾಯುದ್ಧ ಈ ವ್ಯಾಪಾರದ ಮೇಲೆ ವಿಚಿತ್ರವಾದ ಪರಿಣಾಮವನ್ನು ಬೀರಿತು. ಅರಗು ಯುದ್ಧಕಾರ್ಯಕ್ಕೂ ಬೇಕಾದ ವಸ್ತು. ಭಾರತದಿಂದ ಅದನ್ನು ಸಾಗಿಸುವ ಸಮುದ್ರಮಾರ್ಗವೂ ಅಪಾಯಕ್ಕೆ ಸಿಕ್ಕಿತ್ತು. ೧೯೪೨ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರ ತಟ್ಟೆಗಳಿಗೆ ಬಳಸುವ ಅರಗನ್ನು ಹಿಂದಿನ ವರ್ಷದ ಶೇಕಡಾ ೩೦ಕ್ಕೆ ಇಳಿಸಿತು. ಅದೇ ವರ್ಷದ ಆಗಸ್ಟ್ ೧ರಿಂದ ಅಲ್ಲಿನ ಸಂಗೀತಗಾರರ ಸಂಘವು ಮುದ್ರಣವನ್ನೇ ಬಹಿಷ್ಕರಿಸಿತು. ಡೆಕ್ಕಾ ಕಂಪನಿ ೧೯೪೩ರಲ್ಲಿ ರಾಜಿಮಾಡಿಕೊಂಡರೂ ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು ೧೯೪೪ರ ನವೆಂಬರಿನವರೆಗೆ ಹಟ ಹಿಡಿದುವು. ಸ್ವಿಂಗಿನ ತವರಿನಲ್ಲಿ ದೊಡ್ಡ ಕಂಪನಿಗಳ ಮುದ್ರಣಶಾಲೆಗಳು ಹೀಗೆ ಮೌನವಾಗಿದ್ದ ವರ್ಷಗಳಲ್ಲಿಯೇ, ಅರಗಿನ ತವರಾದ ಭಾರತದಲ್ಲಿ, ಕಲ್ಕತ್ತೆಯ ಒಂದು ಹೋಟೆಲಿನ ಮೇಳ ಕೊಲಂಬಿಯಾ ಹೆಸರಿನ ತಟ್ಟೆಗಳಿಗಾಗಿ ಸ್ವಿಂಗನ್ನು ನುಡಿಸುತ್ತಿತ್ತು. ಅದರ ನಾಯಕ ಟೆಡ್ಡಿ ವೆದರ್‌ಫರ್ಡ್.

೪

ವೆದರ್‌ಫರ್ಡ್ ಹುಟ್ಟಿದ್ದು ೧೯೦೩ರಲ್ಲಿ, ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ. ೧೯೨೬ರಲ್ಲಿ ಚಿಕಾಗೊ ನಗರದ ಅರ್ಸ್ಕಿನ್ ಟೇಟ್ ಅವರ ಮೇಳದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರೊಡನೆ ಪಿಯಾನೊ ನುಡಿಸಿ ಎರಡು ಪಕ್ಕಗಳನ್ನು ಮುದ್ರಿಸಿದರು. ಆ ಕಾಲದ ಅತ್ಯುತ್ತಮ ಪಿಯಾನೊ ವಾದಕರಲ್ಲಿ ಒಬ್ಬರೆಂದು ಗಣ್ಯರಾಗತಕ್ಕ ಅವರು ಅದೇ ವರ್ಷ ಏಷ್ಯಕ್ಕೆ ಹೊರಟು ಬಂದರು. ಶಾಂಘೈ, ಮುಂಬಯಿ, ಕೊಲಂಬೊ, ಕೊನೆಗೆ ಯುದ್ಧಕಾಲದ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲ್: ಇದು ಅವರ ಪಯಣ. ೧೯೪೫ನೆಯ ಏಪ್ರಿಲ್ ೨೫ರಂದು ಕಲ್ಕತ್ತೆಯಲ್ಲಿ ಕಾಲರಾ ತಗಲಿ ೪೧ನೆಯ ವಯಸ್ಸಿನಲ್ಲಿಯೇ ಅವರು ತೀರಿಕೊಂಡರು. ಅಮೆರಿಕದಲ್ಲಿಯೇ ಉಳಿದ ಅವರ ಸಮಕಾಲೀನರ ಹೆಸರುಗಳು ಎಲ್ಲ ಗ್ರಂಥಗಳಲ್ಲಿಯೂ ಇವೆ. ಅವರ ಹೆಸರು ಬಹುಕಾಲ ಅಡಿಟಿಪ್ಪಣಿಗಷ್ಟೇ ಸೀಮಿತವಾಗಿತ್ತು.

ಅವರಿಗಿಂತ ಮೊದಲು ಮುಂಬಯಿಗೆ ಸ್ವಿಂಗನ್ನು ತಂದವರು ಪಿಟೀಲುವಾದಕ ಲಿಯೊನ್ ಅಬ್ಬಿ. ೧೯೩೫ರಲ್ಲಿ ಅವರ ಕರಿಯ ವಾದಕರ ಮೇಳವು ತಾಜ್‌ಮಹಲ್ ಹೋಟೆಲಿನಲ್ಲಿ ನುಡಿಸಿತು. ಆ ಬಳಗದ ಟ್ರಂಪೆಟ್ ವಾದಕ ಕ್ರಿಕೆಟ್ ಸ್ಮಿತ್ ಮೊದಲನೆಯ ಮಹಾಯುದ್ಧಕ್ಕೂ ಹಿಂದೆ ನ್ಯೂಯಾರ್ಕಿನಲ್ಲಿ ಜೇಮ್ಸ್ ರೀಸ್ ಯುರೋಪ್ ಅವರ ಮೇಳದಲ್ಲಿದ್ದ ಹಿರಿಯ ತಲೆಮಾರಿನವರು. ೧೯೩೬ರಲ್ಲಿ ಸ್ಮಿತ್ ತಮ್ಮದೇ ಮೇಳದೊಡನೆ, ಮೇನಾ ಸೈಲಸ್ ಎಂಬವರು ರಚಿಸಿದ ‘ತಾಜ್‌ಮಹಲ್’ ಎಂಬ ಕೃತಿಯನ್ನು ಮುದ್ರಿಸಿದರು. ನರೇಶ್ ಫರ್ನಾಂಡಿಸ್ ಅವರು ಮುಂಬಯಿಯ ಜಾಝ್ ಯುಗವನ್ನು ಕುರಿತು ೨೦೧೨ರಲ್ಲಿ ಪ್ರಕಟಿಸಿದ ಗ್ರಂಥ ‘ತಾಜ್‌ಮಹಲ್ ಫಾಕ್ಸ್‌ಟ್ರಾಟ್’ ತನ್ನ ಹೆಸರನ್ನು ಪಡೆದದ್ದು ಆ ತಟ್ಟೆಯಿಂದಲೇ. ಮೂರು ನಿಮಿಷದ ಒಂದು ಮುದ್ರಿಕೆ ಒಂದು ನಗರದ ಒಂದು ಯುಗಕ್ಕೆ ಬಾಗಿಲಾದ ನಿದರ್ಶನವಿದು.

ವಿದೇಶದಿಂದ ಬಂದ ಈ ನಾಯಕರ ಸುತ್ತ ನುಡಿಸಿದವರು ಯಾರು? ಗೋವೆಯ ಕ್ರೈಸ್ತರು, ಆಂಗ್ಲೋ ಇಂಡಿಯನ್ನರು, ಪಾರ್ಸಿಗಳು, ೧೯೪೨ರಲ್ಲಿ ಜಪಾನೀಯರ ದಾಳಿಗೆ ಸಿಕ್ಕಿದ ಬರ್ಮಾದಿಂದ ಓಡಿಬಂದವರು. ವೆದರ್‌ಫರ್ಡರ ಮೇಳದ ಕ್ಲಾರಿನೆಟ್ ವಾದಕ ರೂಬೆನ್ ಸಾಲೊಮನ್, ಗಿಟಾರ್ ವಾದಕ ಸೆಡ್ರಿಕ್ ವೆಸ್ಟ್ ಇಬ್ಬರೂ ಬರ್ಮಾದವರು. ಮುಂಬಯಿಯಲ್ಲಿ ರೂಡಿ ಕಾಟನ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಸ್ಯಾಕ್ಸೊಫೋನ್ ವಾದಕ ನಿಜವಾಗಿ ಕಾವಸ್‌ಜಿ ಖಟಾವ್ ಎಂಬ ಪಾರ್ಸಿ. ‘ಚಿಕ್ ಚಾಕೊಲೇಟ್’ ಎಂದು ಹೆಸರಾದ ಟ್ರಂಪೆಟ್ ವಾದಕ ಗೋವೆಯ ಅಲ್ದೋನಾ ಗ್ರಾಮದ ಆಂಟೋನಿಯೊ ಜೇವಿಯರ್ ವಾಜ್. ಮುಂಬಯಿ ಸಂಸ್ಥಾನದಲ್ಲಿ ೧೯೪೯ರ ಪಾನನಿಷೇಧದ ಕಾನೂನು ಬಂದ ಮೇಲೆ ಹೋಟೆಲುಗಳ ನೃತ್ಯಮೇಳಗಳಿಗೆ ಕೆಲಸ ಕುಗ್ಗಿತು. ವಾದಕರಲ್ಲಿ ಅನೇಕರು ಚಲನಚಿತ್ರದ ಮುದ್ರಣಶಾಲೆಗಳನ್ನು ಸೇರಿದರು. ಸಿ. ರಾಮಚಂದ್ರ ಅವರು ಸಂಗೀತ ಕೊಟ್ಟ ೧೯೫೧ರ ‘ಅಲ್ಬೇಲಾ’ ಚಿತ್ರದಲ್ಲಿ ಚಿಕ್ ಚಾಕೊಲೇಟರ ಮೇಳ ತೆರೆಯ ಮೇಲೂ ಕಾಣಿಸಿಕೊಂಡಿತು. ಸ್ವಿಂಗ್ ನಮ್ಮ ಕಿವಿಗೆ ಅಪರಿಚಿತವೆಂದು ತಿಳಿದಿರುವವರು ಆ ಕಾಲದ ಹಿಂದಿ ಚಿತ್ರಗೀತೆಗಳನ್ನು ಕೇಳಿದ್ದರೆ ಅದನ್ನು ಅರಿಯದೆಯೇ ಕೇಳಿದ್ದಾರೆ.

ಹೀಗಿದ್ದರೂ ಈ ಸಂಗೀತ ಕಡೆಗಣಿಸಲ್ಪಟ್ಟದ್ದು ಏಕೆ? ನಮಗೆ ತೋರುವ ಕಾರಣಗಳು ಮೂರು. ಮೊದಲನೆಯದು, ಭಾರತದಲ್ಲಿ ಮುದ್ರಿತವಾದ ಈ ತಟ್ಟೆಗಳಿಗೆ ಬೇರೆಯೇ ಸಂಖ್ಯೆಗಳಿದ್ದು ಅವು ಬಹುಮಟ್ಟಿಗೆ ಇಲ್ಲಿಯೇ ಮಾರಾಟವಾದುದರಿಂದ ಅಮೆರಿಕ ಯೂರೋಪುಗಳ ಸಂಗ್ರಾಹಕರ ಕೈಗೆ ಸುಲಭವಾಗಿ ಸೇರಲಿಲ್ಲ. ಎರಡನೆಯದು, ಹೋಟೆಲಿನಲ್ಲಿ ಕುಣಿತಕ್ಕೆ ನುಡಿಸಿದ್ದು ಕಲೆಯಲ್ಲವೆಂಬ ಭಾವನೆ ವಿಮರ್ಶಕರಲ್ಲಿ ಪ್ರಬಲವಾಗಿತ್ತು. ಮೂರನೆಯದು ನಮ್ಮದೇ ಆದ ಕಾರಣ. ಸ್ವಾತಂತ್ರ್ಯಾನಂತರ ಇದು ದೊರೆಗಳ ಕ್ಲಬ್ಬಿನ ಸಂಗೀತ, ದೊರೆಗಳೊಡನೆ ಹೋಗತಕ್ಕುದು ಎಂದು ನಾವು ಭಾವಿಸಿದೆವು. ಕೇಳಿದವರಲ್ಲಿ ದೊರೆಗಳು ಹೆಚ್ಚಾಗಿದ್ದಿರಬಹುದು, ನುಡಿಸಿದವರು ದೊರೆಗಳಲ್ಲ. ಈ ಭೇದವನ್ನು ಗುರುತಿಸದೆ ಹೋದುದರಿಂದ ನಮ್ಮವರದೇ ಆದ ಒಂದು ಸಾಧನೆ ನಮ್ಮ ಲೆಕ್ಕದಿಂದ ಬಿಟ್ಟುಹೋಯಿತು.

೫

ಹಳೆಯ ತಟ್ಟೆಯೊಂದು ಮರೆತ ಸಂಗೀತಗಾರನನ್ನು ಮರಳಿ ತಂದ ಉದಾಹರಣೆಗಳು ಸ್ವಿಂಗ್ ಯುಗದಲ್ಲಿಯೇ ಉಂಟು. ಮೀಡ್ ಲಕ್ಸ್ ಲೂಯಿಸ್ ಎಂಬ ಪಿಯಾನೊ ವಾದಕ ೧೯೨೭ರಲ್ಲಿ ಪ್ಯಾರಾಮೌಂಟ್ ಕಂಪನಿಗೆ ರೈಲಿನ ಗತಿಯನ್ನು ಅನುಸರಿಸುವ ಒಂದು ಕೃತಿಯನ್ನು ಮುದ್ರಿಸಿದ್ದ. ಅದು ಯಾರ ಗಮನಕ್ಕೂ ಬಾರದೆ ಹೋಯಿತು. ಕೆಲವು ವರ್ಷಗಳ ಮೇಲೆ ಆ ತಟ್ಟೆಯನ್ನು ಕೇಳಿದ ಜಾನ್ ಹ್ಯಾಮಂಡ್ ಎಂಬ ಸಂಗ್ರಾಹಕರು ಅವನನ್ನು ಹುಡುಕುತ್ತ ಹೊರಟು, ೧೯೩೫ರಲ್ಲಿ ಚಿಕಾಗೊ ನಗರದಲ್ಲಿ ಮೋಟಾರುಗಳನ್ನು ತೊಳೆಯುತ್ತಿದ್ದವನನ್ನು ಕಂಡರು. ಅದೇ ವರ್ಷ ಇಂಗ್ಲೆಂಡಿನ ಪಾರ್ಲೊಫೋನ್ ಕಂಪನಿಗಾಗಿ ಆ ಕೃತಿಯನ್ನು ಅವನಿಂದ ಮತ್ತೆ ಮುದ್ರಿಸಿದ್ದಾಯಿತು. ೧೯೩೮ರ ಡಿಸೆಂಬರಿನಲ್ಲಿ ಅವನು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದ ವೇದಿಕೆಯನ್ನೇರಿದ. ಇದೇ ಕಾಲದಲ್ಲಿ, ೧೯೩೬ರಲ್ಲಿ, ಫ್ರಾನ್ಸಿನ ಶಾರ್ಲ್ ದೆಲೊನೆ ಜಾಝ್ ಮುದ್ರಿಕೆಗಳ ಸವಿವರವಾದ ಸೂಚಿಯನ್ನು ಪ್ರಕಟಿಸಿದರು. ಯಾವ ತಟ್ಟೆಯನ್ನು ಯಾರು, ಎಂದು, ಎಲ್ಲಿ ನುಡಿಸಿದರೆಂಬುದನ್ನು ನಿರ್ಣಯಿಸುವ ಈ ಕೆಲಸವು ಶಾಸನಗಳ ಕಾಲನಿರ್ಣಯಕ್ಕೆ ಸಮಾನವಾದ ಒಂದು ಶಾಸ್ತ್ರವಾಗಿ ಬೆಳೆಯಿತು.

ಸಂಗೀತದ ಪ್ರಕಾರ ಬೇರೆಯಾದರೂ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು ತಟ್ಟೆಗಳ ಮಹಾಸಂಗ್ರಾಹಕರಾಗಿದ್ದರು. ಲಂಡನ್ನಿನಲ್ಲಿ ಬಹುಮಟ್ಟಿಗೆ ಮರೆತುಹೋದಂತೆ ಬಾಳುತ್ತಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವುದಕ್ಕೆ ೧೯೪೦ರ ದಶಕದ ಕೊನೆಯಲ್ಲಿ ಮಹಾರಾಜರು ಧನಸಹಾಯ ಮಾಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು, ೧೯೫೧ರಲ್ಲಿ ಕಾಲವಾದರು. ಎರಡು ಮೂರು ವರ್ಷ ತಡವಾಗಿದ್ದರೂ ಆ ಕೈಗಳ ಧ್ವನಿ ನಮಗೆ ದಕ್ಕುತ್ತಿರಲಿಲ್ಲ. ಸಂಗ್ರಹವೆಂಬುದು ಕೇವಲ ಸಿರಿವಂತರ ಹವ್ಯಾಸವಲ್ಲ, ಕಾಲದೊಡನೆ ಮಾಡುವ ಪಂತ ಎಂಬುದನ್ನು ಇದು ತೋರಿಸುತ್ತದೆ.

೬

ಇನ್ನು ಕೊಡಗಿನ ವಿಚಾರ. ಇಲ್ಲಿ ಸ್ವಿಂಗ್ ಮೇಳವೊಂದು ಹುಟ್ಟಿ ಬೆಳೆಯಿತೆಂದು ನಾವು ಹೇಳುತ್ತಿಲ್ಲ. ನಾವು ಹೇಳುವುದು ಇಷ್ಟೆ: ಆ ತಟ್ಟೆಗಳನ್ನು ಕೊಳ್ಳತಕ್ಕ ಜನವೂ, ಕೇಳತಕ್ಕ ಸಂದರ್ಭವೂ ಇಲ್ಲಿ ಇದ್ದುವು. ೧೮೩೪ರಲ್ಲಿ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. ೧೮೫೦ರ ದಶಕದಿಂದ ಯೂರೋಪಿಯನ್ನರು ಇಲ್ಲಿ ಕಾಫಿ ತೋಟಗಳನ್ನು ತೆರೆದರು. ಒಂದು ಬಂಗಲೆಯಿಂದ ಮತ್ತೊಂದಕ್ಕೆ ಮೈಲಿಗಟ್ಟಲೆ ದೂರ. ಅವರು ಸೇರುತ್ತಿದ್ದುದು ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಂಥ ಸ್ಥಳಗಳಲ್ಲಿ. ಕೀಲಿ ಕೊಟ್ಟರೆ ತಿರುಗುವ ಗ್ರಾಮಾಫೋನಿಗೆ ವಿದ್ಯುಚ್ಛಕ್ತಿ ಬೇಡ. ವಿದ್ಯುತ್ತು ಬಾರದ ತೋಟಗಳಿಗೆ ಇದಕ್ಕಿಂತ ಅನುಕೂಲವಾದ ಸಂಗೀತಸಾಧನ ಆಗ ಇರಲಿಲ್ಲ. ಇದರ ಜೊತೆಗೆ, ಕೊಡವ ಮನೆತನಗಳಿಂದ ಸೈನ್ಯದಲ್ಲಿ ಅಧಿಕಾರಿಗಳಾದವರು ಅನೇಕರು. ಕಾರ್ಯಪ್ಪ, ತಿಮ್ಮಯ್ಯ ಇವರ ಹೆಸರುಗಳು ದೇಶಕ್ಕೇ ಪರಿಚಿತ. ಅಧಿಕಾರಿಗಳ ಭೋಜನಶಾಲೆಗಳಲ್ಲಿ ನೃತ್ಯಸಂಗೀತ ದಿನಚರಿಯ ಭಾಗವಾಗಿತ್ತು. ರಜೆಗೆ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಕಲ್ಕತ್ತೆಯದೋ ಮುಂಬಯಿಯದೋ ಬೆಂಗಳೂರು ದಂಡಿನದೋ ನಾಲ್ಕು ತಟ್ಟೆಗಳು ಇದ್ದರೆ ಆಶ್ಚರ್ಯವಿಲ್ಲ.

ಇಂಥ ಒಂದು ಪೆಟ್ಟಿಗೆ ವಿದ್ಯಾರ್ಥಿಯೊಬ್ಬನಿಗೆ ದೊರೆಯಿತೆಂದು ಇಟ್ಟುಕೊಳ್ಳೋಣ. ಅವನು ಮೊದಲು ಮಾಡಬೇಕಾದ್ದು ತಟ್ಟೆಯನ್ನು ನುಡಿಸುವುದಲ್ಲ, ಓದುವುದು. ಓದಲು ಐದು ಸಂಗತಿಗಳಿವೆ.

ಒಂದು, ನಡುವಿನ ಚೀಟಿ. ಅದರಲ್ಲಿ ಕಂಪನಿಯ ಹೆಸರು, ಕೃತಿಯ ಹೆಸರು, ರಚಿಸಿದವರು, ಮೇಳದ ನಾಯಕ, ಮಾರಾಟದ ಸಂಖ್ಯೆ ಇರುತ್ತವೆ. ಮೇಳದ ವಾದಕರ ಹೆಸರುಗಳು ಸಾಮಾನ್ಯವಾಗಿ ಇರುವುದಿಲ್ಲ. ಸಂಖ್ಯೆಯ ಹಿಂದಿನ ಅಕ್ಷರಗಳನ್ನು ತಪ್ಪದೆ ಬರೆದುಕೊಳ್ಳಬೇಕು. ಕೊಲಂಬಿಯಾ ತಟ್ಟೆಯ ಮೇಲೆ ‘ಎಫ್.ಬಿ.’ ಎಂಬ ಅಕ್ಷರಗಳೂ ನಲವತ್ತು ಸಾವಿರದ ಶ್ರೇಣಿಯ ಸಂಖ್ಯೆಯೂ ಕಂಡರೆ ಅದು ಭಾರತಕ್ಕೆ ಮೀಸಲಾದ ಶ್ರೇಣಿ. ಅಂಥ ತಟ್ಟೆಯನ್ನು ವಿಶೇಷವಾಗಿ ಗಮನಿಸಬೇಕು.

ಎರಡು, ಅಚ್ಚಿನ ಸಂಖ್ಯೆ. ಚೀಟಿಗೂ ಗೀರು ಮುಗಿಯುವ ಸ್ಥಳಕ್ಕೂ ನಡುವಿನ ನುಣುಪಾದ ಪಟ್ಟಿಯಲ್ಲಿ ಇದನ್ನು ಕೊರೆದಿರುತ್ತಾರೆ. ಓರೆಯಾದ ಬೆಳಕಿನಲ್ಲಿ ಹಿಡಿದರೆ ಕಾಣುತ್ತದೆ. ಮಾರಾಟದ ಸಂಖ್ಯೆ ವ್ಯಾಪಾರಿಯ ಅನುಕೂಲಕ್ಕೆ. ಅಚ್ಚಿನ ಸಂಖ್ಯೆ ಮುದ್ರಣಶಾಲೆಯ ದಿನಚರಿಗೆ. ಒಂದೇ ಕೃತಿಯನ್ನು ಎರಡು ಮೂರು ಸಲ ನುಡಿಸಿದ್ದರೆ ಯಾವ ಸಲದ್ದನ್ನು ಆರಿಸಿದರೆಂಬುದನ್ನು ಅದರ ಕೊನೆಯ ಅಂಕೆ ಹೇಳುತ್ತದೆ. ಕಾಲನಿರ್ಣಯಕ್ಕೆ ಇದೇ ಮುಖ್ಯ ಆಧಾರ.

ಮೂರು, ತಟ್ಟೆಯ ಕಾಗದದ ಚೀಲ ಮತ್ತು ಅಂಗಡಿಯವನು ಅಂಟಿಸಿದ ಚೀಟಿ. ತಟ್ಟೆ ಯಾವ ಊರಿನಲ್ಲಿ ಮಾರಾಟವಾಯಿತೆಂಬುದಕ್ಕೆ ಇದು ಸಾಕ್ಷಿ. ಆದರೆ ಚೀಲಗಳು ಅದಲುಬದಲಾಗಿರುವುದು ಸಾಮಾನ್ಯವಾದ್ದರಿಂದ ಚೀಟಿಯ ಸಾಕ್ಷ್ಯವನ್ನೇ ಹೆಚ್ಚು ನಂಬಬೇಕು.

ನಾಲ್ಕು, ಸವೆತ. ಆ ಕಾಲದ ಉಕ್ಕಿನ ಮುಳ್ಳು ನುಡಿದಷ್ಟೂ ಗೀರನ್ನು ಸವೆಸುತ್ತಿತ್ತು. ಸವೆದ ಭಾಗ ಬೂದುಬಣ್ಣಕ್ಕೆ ತಿರುಗುತ್ತದೆ. ಎರಡು ಪಕ್ಕಗಳಲ್ಲಿ ಯಾವುದು ಹೆಚ್ಚು ಸವೆದಿದೆಯೆಂದು ನೋಡಿದರೆ ಆ ಮನೆಯವರು ಯಾವುದನ್ನು ಮೆಚ್ಚಿದ್ದರೆಂದು ತಿಳಿಯುತ್ತದೆ. ಕಂಪನಿಯು ಪ್ರಚಾರಮಾಡಿದ ಹಾಡು ಹೊಸದರಂತೆ ಹೊಳೆಯುತ್ತಿದ್ದು ಅದರ ಬೆನ್ನಿನ ಕೃತಿ ಸವೆದುಹೋಗಿದ್ದರೆ, ಅದು ಕೇಳುಗರ ಅಭಿರುಚಿಗೆ ಯಾವ ಬರಹದಲ್ಲಿಯೂ ದೊರೆಯದ ದಾಖಲೆ. ಪಕ್ಕದ ಹಾಡಿಗೆ ಜೊತೆಯಾಗಲೆಂದು ಅವಸರದಲ್ಲಿ ಮುದ್ರಿಸಿದ ಹಿಂಬದಿಯ ಕೃತಿಗಳಲ್ಲಿಯೇ ವಾದಕರು ಹೆಚ್ಚು ಸ್ವತಂತ್ರವಾಗಿ ನುಡಿಸಿರುವುದೂ ಉಂಟು. ಆದ್ದರಿಂದ ಎರಡು ಪಕ್ಕಗಳನ್ನೂ ಕೇಳದೆ ಯಾವ ತಟ್ಟೆಯನ್ನೂ ಬದಿಗಿಡಬಾರದು.

ಐದು, ಸಂಗೀತವೇ. ಮೇಳದ ನಡುವೆ ಏಳುವ ಕ್ಲಾರಿನೆಟ್ ಯಾರದು, ಟ್ರಂಪೆಟ್ ಯಾರದು ಎಂಬುದನ್ನು ಚೀಟಿ ಹೇಳದಿದ್ದರೂ ಕಿವಿ ಕ್ರಮೇಣ ಹೇಳುತ್ತದೆ. ಒಬ್ಬ ವಾದಕನ ಗಮಕವನ್ನು ಹತ್ತು ತಟ್ಟೆಗಳಲ್ಲಿ ಗುರುತಿಸಿದವನು ಹನ್ನೊಂದನೆಯದರಲ್ಲಿ ಅವನನ್ನು ಹೆಸರಿಡಿದು ಕರೆಯಬಲ್ಲ. ಆದರೂ ಅಂಥ ನಿರ್ಣಯವನ್ನು ಬರಹದ ಸಾಕ್ಷ್ಯ ದೊರೆಯುವವರೆಗೆ ಊಹೆಯೆಂದೇ ಗುರುತಿಸಿಡಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ತಟ್ಟೆ ಒಂದು ಮನೆಯಲ್ಲಿ ದೊರೆತ ಮಾತ್ರಕ್ಕೆ ಆ ಮನೆಯವರೇ ಅದನ್ನು ಕೊಂಡರೆಂದು ತೀರ್ಮಾನಿಸಬಾರದು. ಸ್ವಾತಂತ್ರ್ಯದ ಸುತ್ತಿನ ವರ್ಷಗಳಲ್ಲಿ ಯೂರೋಪಿಯನ್ನರು ತೋಟಗಳನ್ನು ಮಾರಿ ಹೊರಟಾಗ ಸಾಮಾನುಗ್ರಹಗಳೂ ಕೈ ಬದಲಾಯಿಸಿದುವು. ಎರಡನೆಯದಾಗಿ, ಈ ಸಂಗೀತವನ್ನು ಕೊಡಗಿನ ಎಲ್ಲ ಜನರೂ ಕೇಳಿದರೆಂದು ಭಾವಿಸಬಾರದು. ಬಂಗಲೆಯ ಜಗಲಿಯಲ್ಲಿ ತಟ್ಟೆ ತಿರುಗುತ್ತಿದ್ದಾಗ ತೋಟದ ಸಾಲುಮನೆಗಳಲ್ಲಿ ಕೂಲಿಯ ಜನ ಬೇರೆಯೇ ಹಾಡುಗಳನ್ನು ಹಾಡುತ್ತಿದ್ದರು. ಅವುಗಳನ್ನು ಹಿಡಿಯಲು ಯಾವ ಕಂಪನಿಯೂ ಬರಲಿಲ್ಲ. ತಟ್ಟೆಯ ಸಾಕ್ಷ್ಯವನ್ನು ಬಳಸುವವನು ತಟ್ಟೆಯಾಗದ ಸಂಗೀತವನ್ನೂ ನೆನಪಿನಲ್ಲಿಡಬೇಕು.

೭

ಈ ಆಕರಕ್ಕೆ ಶತ್ರುಗಳು ಬಹಳ. ಭಾರತದಲ್ಲಿ ೭೮ರ ತಟ್ಟೆಗಳ ತಯಾರಿಕೆ ೧೯೬೦ರ ದಶಕದ ಕೊನೆಯವರೆಗೂ ನಡೆದು ನಿಂತುಹೋಯಿತು. ಅಲ್ಲಿಂದೀಚೆಗೆ ಇರುವುದು ಕಡಮೆಯಾಗುತ್ತ ಬಂದಿದೆಯೇ ಹೊರತು ಹೆಚ್ಚುವಂತಿಲ್ಲ. ಅರಗಿನ ತಟ್ಟೆ ಕೈ ಜಾರಿದರೆ ಗಾಜಿನಂತೆ ಒಡೆಯುತ್ತದೆ. ಕೊಡಗಿನ ಮಳೆಗಾಲದ ತೇವಕ್ಕೆ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಚೀಟಿಯ ಕಾಗದ ಕಳಚಿಬೀಳುತ್ತದೆ. ಮನೆಗಳು ಪಾಲಾಗುವಾಗ ಪಾತ್ರೆಗೂ ಕೋವಿಗೂ ವಾರಸುದಾರರು ಇರುತ್ತಾರೆ. ತಟ್ಟೆಗಳ ಪೆಟ್ಟಿಗೆ ಗುಜರಿಗೆ ಹೋಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದುಂಟು. ಆ ತಟ್ಟೆಗೆ ಕುಣಿದವರು, ಅದನ್ನು ಕೊಂಡು ತಂದವರನ್ನು ಬಲ್ಲವರು ಇಂದು ಬೆರಳೆಣಿಕೆಯಷ್ಟು. ತಟ್ಟೆ ಉಳಿದರೂ ಅದರ ಕಥೆ ಹೇಳುವವರು ಉಳಿಯುವುದಿಲ್ಲ.

ಆದ್ದರಿಂದ ಕೆಲವು ಸೂಚನೆಗಳನ್ನು ಕೊಡುವುದು ಉಚಿತ. ಹುತ್ತರಿಯ ಹೊತ್ತಿಗೆ ಹವೆ ಒಣಗಿದ ಮೇಲೆ ಪೆಟ್ಟಿಗೆಯನ್ನು ತೆರೆಯುವುದು ಒಳ್ಳೆಯದು. ಆದರೆ ತಟ್ಟೆಯನ್ನು ಬಿಸಿಲಿಗೆ ಹಾಕಬಾರದು, ಅರಗು ಬಾಗುತ್ತದೆ. ಬೂಷ್ಟನ್ನು ಮೆತ್ತನೆಯ ಒಣ ಕುಂಚದಿಂದ ಮೊದಲು ತೆಗೆಯಬೇಕು. ಸ್ಪಿರಿಟ್ಟಿನಿಂದ ಒರಸಲೇಬಾರದು; ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಹಳೆಯ ಉಕ್ಕಿನ ಮುಳ್ಳಿನಿಂದ ನುಡಿಸದೆ, ೭೮ರ ಅಗಲವಾದ ಗೀರಿಗೆ ತಕ್ಕ ಹಗುರವಾದ ವಜ್ರದ ಮುಳ್ಳುಳ್ಳ ಯಂತ್ರದಲ್ಲಿ ಒಮ್ಮೆ ನುಡಿಸಿ ಧ್ವನಿಯ ಪ್ರತಿಯನ್ನು ತೆಗೆದಿಡಬೇಕು. ಎರಡು ಪಕ್ಕಗಳ ಚೀಟಿಗಳ ಭಾವಚಿತ್ರ, ಮೇಲೆ ಹೇಳಿದ ಐದು ಸಂಗತಿಗಳ ಪಟ್ಟಿ, ಮನೆಯ ಹಿರಿಯರು ಹೇಳಿದ ಮಾತು, ಇಷ್ಟನ್ನು ಒಂದೇ ಕಡೆ ಬರೆದಿಟ್ಟರೆ ತಟ್ಟೆ ಒಡೆದುಹೋದರೂ ಆಕರ ಉಳಿಯುತ್ತದೆ. ಭಾರತದ ೧೯೫೭ರ ಕಾನೂನಿನಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ ೬೦ ವರ್ಷಗಳಿಗೆ ಮುಗಿಯುವುದರಿಂದ ಸ್ವಿಂಗ್ ಯುಗದ ಮುದ್ರಿಕೆಗಳ ಪ್ರತಿ ತೆಗೆಯಲು ಆ ಹಕ್ಕಿನ ಅಡ್ಡಿಯಿಲ್ಲ. ಕೃತಿಯನ್ನು ರಚಿಸಿದವರ ಹಕ್ಕು ಮಾತ್ರ ಬೇರೆ, ಅದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ೧೯೯೦ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಮುದ್ರಿಕಾ ಸಂಗ್ರಾಹಕರ ಸಂಘ ತನ್ನ ಪತ್ರಿಕೆಯ ಮೂಲಕ ಇಂಥ ಸೂಚಿಗಳನ್ನು ಬೆಳಕಿಗೆ ತಂದಿತು. ನಮ್ಮ ಕಾಲೇಜುಗಳ ಚರಿತ್ರೆಯ ವಿಭಾಗಗಳು ತಮ್ಮ ತಮ್ಮ ಸೀಮೆಗೆ ಅಂಥ ಸೂಚಿಯೊಂದನ್ನು ಆರಂಭಿಸಬಾರದೇಕೆ? ಒಬ್ಬ ವಿದ್ಯಾರ್ಥಿ ಒಂದು ರಜೆಯಲ್ಲಿ ಒಂದು ಮನೆಯ ತಟ್ಟೆಗಳನ್ನು ಪಟ್ಟಿಮಾಡಿದರೂ ಸಾಕು.

ಇದರಿಂದ ರಾಜ್ಯಗಳ ಏಳುಬೀಳಿನ ಚರಿತ್ರೆಯೇನೂ ಬದಲಾಗಲಾರದು. ಆದರೆ ಶಾಸನದಲ್ಲಿ ದಾನಕೊಟ್ಟ ಅರಸನ ಹೆಸರಿನ ಕೆಳಗೆ ಕಲ್ಲು ಕಂಡರಿಸಿದ ರೂವಾರಿಯ ಹೆಸರು ಒಂದು ಸಾಲಿನಲ್ಲಿ ದೊರೆತಾಗ ನಮಗೆ ಆಗುವ ಸಂತೋಷ ಎಂಥದೆಂದು ಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಈ ತಟ್ಟೆಗಳ ಚೀಟಿಯ ಮೇಲೆ ಆ ಒಂದು ಸಾಲು ಇಲ್ಲ. ನಾಯಕನ ಹೆಸರಿನ ಹಿಂದೆ ಹನ್ನೆರಡು ಹದಿನಾಲ್ಕು ಮಂದಿ ಇಂದಿಗೂ ಊದುತ್ತಲೇ ಇದ್ದಾರೆ. ಅವರಲ್ಲಿ ಕೆಲವರ ಹೆಸರನ್ನಾದರೂ ಬರೆದಿಡುವುದು ನಮ್ಮ ತಲೆಮಾರಿಗೆ ಸಾಧ್ಯವಿದೆ, ಮುಂದಿನ ತಲೆಮಾರಿಗೆ ಸಾಧ್ಯವಾಗಲಾರದು.